ಶನಿವಾರದ ಹೊಗೆ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿಗೂ ಇನ್ನೂ ತೊಟ್ಟಿಲು ಕಟ್ಟಿರದಿದ್ದ ಕಾಲದಲ್ಲಿ, ಸಮುದ್ರದಾಚೆ ಇಟಲಿ ಅನ್ನೋ ದೇಶದಲ್ಲಿ ಒಂದು ಊರಿತ್ತಂತೆ. ಕಾಲು ಒಳಗೆ ಎಳ್ಕೋ ಕೂಸೇ, ಕಂಬಳಿ ಎಲ್ಲಾ ಒದ್ದುಬಿಡ್ತೀಯ. ಈ ಕತೆ ನಾನು ಕಟ್ಟಿದ್ದಲ್ಲ, ನಮ್ಮತ್ತೆ ಹೇಳಿದ್ದು. ಅವರು ಮದುವೆಯಾದ ಹೊಸದರಲ್ಲಿ ಕೊಚ್ಚಿಯಲ್ಲಿದ್ರು, ಅಲ್ಲಿ ಪಕ್ಕದ ಮನೇಲಿ ಒಬ್ಬರು ಯಹೂದಿ ಮುದುಕಮ್ಮ ಇದ್ರು, ಆಯಮ್ಮ ಹೇಳಿದ್ದು. ನಡುವೆ ಎದ್ದು ನೀರು ಬೇಕು ಅಂದ್ಯೋ, ಕತೆ ಅಲ್ಲಿಗೇ ನಿಲ್ಲುತ್ತೆ, ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಆ ಊರಲ್ಲಿ ಯಹೂದಿಗಳಿಗೆ ಅಂತ ಬೇರೇನೇ ಒಂದು ಕೇರಿ ಇತ್ತಂತೆ. ಸುತ್ತ ಎತ್ತರದ ಗೋಡೆ, ಒಂದೇ ಒಂದು ದೊಡ್ಡ ಬಾಗಿಲು. ಸಂಜೆ ಆಗ್ತಿದ್ದಂಗೆ ಊರಿನ ಕಾವಲುಗಾರ ಬಂದು ಹೊರಗಿಂದ ಬೀಗ ಹಾಕೋನು, ಬೆಳಗಾದ್ರೆ ತೆಗೆಯೋನು. ಯಾಕೆ ಅಂತೀಯಾ? ಯಾಕೆ ಅಂದ್ರೆ ನಾನೇನು ಹೇಳ್ಲಿ, ಬೇರೆ ದೇವರನ್ನ ನಂಬೋರು ಅಂತ. ಅವಾಗ ಆ ದೇಶಗಳಲ್ಲಿ ಚರ್ಚಿಗೆ ಹೋಗೋರಲ್ಲೇ ಎರಡು ಪಂಗಡ ಆಗಿ, ನಾವು ಸರಿ ನೀವು ತಪ್ಪು ಅಂತ ದೊಡ್ಡ ಗಲಾಟೆ ನಡೀತಿತ್ತಂತೆ, ಆ ಕೋಪ ಎಲ್ಲಾ ಸುತ್ತಿ ಸುತ್ತಿ ಈ ಬಡಪಾಯಿಗಳ ಮೇಲೇ ಬಂದು ಬೀಳೋದಂತೆ. ಕೇರಿಯಲ್ಲಿ ಜಾಗ ಸಾಲದೆ ಮನೆ ಮೇಲೆ ಮನೆ ಕಟ್ಟಿ, ಐದು ಮಹಡಿ ಆರು ಮಹಡಿ ಎತ್ತಿ, ಹಂಗೂ ಹಿಂಗೂ ನಲವತ್ತು ಸಂಸಾರ ಬದುಕ್ತಿತ್ತಂತೆ. ಮನೆಗೊಂದು ಹೊಗೆಗೂಡು, ನಲವತ್ತು ಮನೆಗೆ ನಲವತ್ತು. ಈ ಹೊಗೆಗೂಡುಗಳನ್ನ ಜ್ಞಾಪಕ ಇಟ್ಕೋ, ಕತೆ ಇರೋದೇ ಅದರಲ್ಲಿ.

ಅವರಿಗೆ ಶನಿವಾರ ಅಂದ್ರೆ ದೇವರ ದಿನ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಸೂರ್ಯ ಮುಳುಗೋವರೆಗೂ ಯಾವ ಕೆಲಸಾನೂ ಮಾಡಂಗಿಲ್ಲ, ಅದರಲ್ಲೂ ಬೆಂಕಿ ಹಚ್ಚಲೇ ಕೂಡದು. ಮತ್ತೆ ಊಟಕ್ಕೆ? ಅದಕ್ಕೇ ಕೇರಿಗೆಲ್ಲಾ ಸೇರಿ ಒಂದು ದೊಡ್ಡ ಗೂಡೊಲೆ ಇತ್ತಂತೆ, ಮನುಷ್ಯ ಒಳಗೆ ನಿಂತ್ಕೊಳ್ಳೋ ಅಷ್ಟು ದೊಡ್ಡದು. ಶುಕ್ರವಾರ ಮಧ್ಯಾಹ್ನ ಪ್ರತಿ ಮನೆಯವರೂ ಕಾಳು, ಈರುಳ್ಳಿ, ಬಾರ್ಲಿ, ಇದ್ದೋರು ಒಂದಿಷ್ಟು ಮಾಂಸ, ಎಲ್ಲಾ ಮಡಕೆಗೆ ತುಂಬಿ ತರೋರು. ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ಒಲೆಯೊಳಗೆ ಇಟ್ಟು, ಒಲೆಯ ಬಾಯನ್ನ ಮಣ್ಣಿನಿಂದ ಮುಚ್ಚಿಬಿಟ್ರೆ, ಆ ಕಾವಲ್ಲೇ ಇಡೀ ರಾತ್ರಿ ಬೆಂದು ಬೆಂದು ಶನಿವಾರ ಮಧ್ಯಾಹ್ನ ತೆಗೆದಾಗ, ಆಹಾ, ಕೇರಿಗೆ ಕೇರಿಯೇ ಘಮಘಮ ಅನ್ನೋದಂತೆ.

ಆ ಒಲೆ ನೋಡ್ಕೊಳ್ತಿದ್ದೋಳು ಪೆರ್ನಾ ಅಂತ. ವಯಸ್ಸಾದೋಳು, ಗಂಡ ತೀರಿಹೋಗಿದ್ದ, ಮೂರು ಜನ ಗಂಡುಮಕ್ಕಳು ಹಳೇ ಬಟ್ಟೆ ವ್ಯಾಪಾರಕ್ಕೆ ಅಂತ ಊರೂರು ತಿರುಗೋರು. ಮಂಡಿ ನೋವು, ಬಾಯಿ ಜೋರು. ನನ್ನ ಥರಾನಾ? ಹೂಂ, ನನ್ನ ಥರಾನೇ ಅಂತ ಇಟ್ಕೋ, ನಗಬೇಡ. ಮೂವತ್ತು ವರ್ಷದಿಂದ ಒಂದು ಮನೆಯ ಮಡಕೆ ಇನ್ನೊಂದು ಮನೆಗೆ ಹೋಗಿದ್ದಿಲ್ಲ, ಅಷ್ಟು ಕಟ್ಟುನಿಟ್ಟು. ಕೇರಿಯವರೆಲ್ಲಾ ಅವಳನ್ನ ಪೆರ್ನಕ್ಕ ಅಂತಾನೇ ಕರೆಯೋದು.

ಹಿಂಗಿರುವಾಗ ಒಂದು ಚಳಿಗಾಲದಲ್ಲಿ, ದೂರದ ದೇಶದಿಂದ ಹಡಗು ಹತ್ತಿ ಒಬ್ಬ ಹೆಂಗಸು ಬಂದಳಂತೆ. ಬ್ರಾಂಕಾ ಅಂತ ಹೆಸರು, ಜೊತೆಗೆ ಇನೆಸ್ ಅಂತ ಆರು ವರ್ಷದ ಮಗಳು, ನಿನ್ನಷ್ಟೇ. ಒಂದು ಗಂಟು ಬಟ್ಟೆ ಬಿಟ್ರೆ ಇನ್ನೇನೂ ಇಲ್ಲ. ಅವರು ಬಂದ ದೇಶದಲ್ಲಿ ರಾಜ, ಯಹೂದಿಗಳು ಯಾರೂ ಇರಂಗಿಲ್ಲ, ಇದ್ರೆ ನಮ್ಮ ದೇವರನ್ನೇ ಪೂಜಿಸಬೇಕು ಅಂತ ಹುಕುಂ ಮಾಡಿಬಿಟ್ಟಿದ್ನಂತೆ. ಹಂಗಾಗಿ ಅಲ್ಲಿ ಉಳಿದೋರು ಹೊರಗೆ ಚರ್ಚಿಗೆ ಹೋಗ್ತಾ, ಒಳಗೊಳಗೇ ತಮ್ಮ ದೇವರನ್ನ ನೆನೀತಾ ಕದ್ದುಮುಚ್ಚಿ ಬಾಳೋರು. ಇವಳೂ ಹಂಗೇ ಬಾಳಿದೋಳು. ಈಗ ಬಂದು, ನಾನೂ ನಿಮ್ಮೋಳೇ, ನನಗೂ ಒಂದು ಮೂಲೆ ಕೊಡಿ ಅಂತ ಕೈ ಮುಗಿದು ನಿಂತ್ಕೊಂಡಳಂತೆ.

ಕೇರಿಯಲ್ಲಿ ಹೊಸಬರು ಇರಬೇಕು ಅಂದ್ರೆ ಪಂಚಾಯ್ತಿಯವರು ಒಪ್ಪಬೇಕು. ಪಂಚಾಯ್ತಿಗೆ ದೊಡ್ಡೋರು ವಿಟಾಲೆ ಅಂತ, ಬಿಳಿ ಗಡ್ಡ, ಮುಖದಲ್ಲಿ ಯಾವಾಗ್ಲೂ ಗಂಟು. ಕೆಟ್ಟೋರಲ್ಲ ಪಾಪ, ಆದ್ರೆ ನಿಯಮ ಅಂದ್ರೆ ನಿಯಮ ಅನ್ನೋ ಮನುಷ್ಯ. ಅವರು ಹೇಳಿದ್ರಂತೆ, ನೋಡಮ್ಮ, ಇಷ್ಟು ವರ್ಷ ಅವರ ಜೊತೆ ಅವರಂಗೇ ಬಾಳಿದ್ದೀಯ, ನೀನು ನಮ್ಮೋಳು ಅಂತ ನಾವು ಹೆಂಗೆ ನಂಬೋದು, ಮೂರು ಶನಿವಾರ ನೋಡ್ತೀವಿ, ಸರಿಯಾಗಿ ನಡ್ಕೊಂಡ್ರೆ ಇರು, ಇಲ್ಲದಿದ್ರೆ ಬೇರೆ ಊರು ನೋಡ್ಕೋ. ಆಯ್ತು ಅಂತ ಅವಳನ್ನ ಎಲ್ಲಕ್ಕಿಂತ ಎತ್ತರದ ಮನೆಯ ಆರನೇ ಮಹಡಿಯ ಪುಟ್ಟ ಕೋಣೇಲಿ ಇಟ್ರಂತೆ. ಆ ಮನೆಯವರು ಊರು ಬಿಟ್ಟು ಹೋಗಿದ್ರಿಂದ ಖಾಲಿ ಇತ್ತು. ಅಲ್ಲಿಂದ ಕೇರಿಯ ಎಲ್ಲಾ ಹೊಗೆಗೂಡೂ ಕಾಣೋದು, ಕೇರಿಯವರಿಗೆಲ್ಲಾ ಅವಳ ಹೊಗೆಗೂಡೂ ಕಾಣೋದು.

ಆಮೇಲೆ ಮೊದಲನೇ ಶುಕ್ರವಾರ ಬಂತು. ಎಲ್ಲರೂ ಮಡಕೆ ತಂದ್ರು, ಬ್ರಾಂಕಾ ತರಲಿಲ್ಲ. ಪೆರ್ನಕ್ಕ, ಹೊಸಬಳು, ಗೊತ್ತಿಲ್ಲವೇನೋ ಅಂತ ಸುಮ್ಮನಾದಳು. ಮಾರನೇ ದಿನ ಶನಿವಾರ, ಗಂಡಸರೆಲ್ಲಾ ಪ್ರಾರ್ಥನೆಗೆ ಅಂತ ಹೊರಟು ಬೀದಿಗೆ ಬಂದು ತಲೆ ಎತ್ತಿ ನೋಡ್ತಾರೆ, ಅಯ್ಯೋ ದೇವರೇ, ಆರನೇ ಮಹಡಿಯ ಹೊಗೆಗೂಡಿನಿಂದ ಗುಪುಗುಪು ಗುಪುಗುಪು ಅಂತ ಹೊಗೆ ಬರ್ತಿದೆಯಂತೆ! ಶನಿವಾರ! ಬೆಂಕಿ! ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರಂತೆ. ವಿಟಾಲೆ ಮಹಡಿ ಹತ್ತಿ ಹೋಗಿ, ನಿನಗೆ ನಾಚಿಕೆ ಆಗಲ್ವಾ, ದೇವರ ದಿನ ಬೆಂಕಿ ಹಚ್ತೀಯಾ ಅಂತ ಬಾಯಿಗೆ ಬಂದಂಗೆ ಬೈದ್ರಂತೆ. ಬ್ರಾಂಕಾ ತಲೆ ತಗ್ಗಿಸಿ, ತಪ್ಪಾಯ್ತು ಸ್ವಾಮಿ, ಇನ್ನು ಹಚ್ಚಲ್ಲ ಅಂದಳಂತೆ. ಒಲೆ ಮೇಲೆ ಪಾತ್ರೆಯೇ ಇರಲಿಲ್ಲ, ಬರೀ ಒದ್ದೆ ಹುಲ್ಲು ಹೊಗೆಯಾಡ್ತಿತ್ತು. ವಿಟಾಲೆ ಸಿಟ್ಟಿನಲ್ಲಿ ಅದನ್ನ ನೋಡಲೇ ಇಲ್ಲ.

ಎರಡನೇ ಶನಿವಾರ ಬಂತು. ಎಲ್ಲರ ಕಣ್ಣೂ ಆ ಹೊಗೆಗೂಡಿನ ಮೇಲೇ. ಸ್ವಲ್ಪ ಹೊತ್ತು ಏನೂ ಇಲ್ಲ. ಸದ್ಯ ಅಂತ ಉಸಿರು ಬಿಟ್ರೋ ಇಲ್ಲವೋ, ಮತ್ತೆ ಹೊಗೆ! ಈ ಸಲ ಹೋದೋರು ರಬ್ಬಿ ಮೆನಾಹೆಮ್. ರಬ್ಬಿ ಅಂದ್ರೆ ಅವರ ಗುರುಗಳು, ಶಾಸ್ತ್ರ ಎಲ್ಲಾ ಓದಿದೋರು, ಮಾತು ಮೆತ್ತಗೆ. ಅಮ್ಮಾ, ಯಾಕೆ ಹಿಂಗೆ ಮಾಡ್ತೀಯ, ಇಲ್ಲಿ ನಿನಗೆ ಯಾವ ಅಡ್ಡಿ ಇದೆ ಅಂತ ಕೂತು ಸಮಾಧಾನವಾಗಿ ಕೇಳಿದ್ರಂತೆ. ಅವಳು ಮಗಳ ತಲೆ ಸವರ್ತಾ ಅತ್ತಳೇ ಹೊರತು ಒಂದು ಮಾತೂ ಆಡಲಿಲ್ಲವಂತೆ. ಅವತ್ತು ಸಂಜೆ ಪಂಚಾಯ್ತಿ ಸೇರಿ ತೀರ್ಮಾನ ಮಾಡಿಬಿಟ್ರು. ಮೂರನೇ ಶನಿವಾರಾನೂ ಆ ಮನೇಲಿ ಹೊಗೆ ಎದ್ರೆ, ಭಾನುವಾರ ಬೆಳಿಗ್ಗೆ ಬಾಗಿಲು ತೆಗೀತಿದ್ದಂಗೆ ತಾಯಿ ಮಗಳು ಹೊರಗೆ. ಹೊರಗೆ ಅಂದ್ರೆ ಎಲ್ಲಿಗೆ ಹೋಗೋದು ಹೇಳು, ಮಂಡಿವರೆಗೂ ಹಿಮ, ಯಾರ ಪರಿಚಯಾನೂ ಇಲ್ಲ.

ಪೆರ್ನಕ್ಕನೂ ಬೀದೀಲಿ ನಿಂತು ಆ ಹೊಗೇನ ನೋಡಿದ್ದಳಂತೆ. ಮೂವತ್ತು ವರ್ಷ ಒಲೆ ಊದಿದೋಳಲ್ವಾ, ಹೊಗೆ ನೋಡಿದ್ರೆ ಏನು ಉರೀತಿದೆ ಅಂತ ಗೊತ್ತಾಗೋದು. ಇದು ಅಡುಗೆ ಹೊಗೆ ಅಲ್ಲ, ಇದು ಬರೀ ಹುಲ್ಲಿನ ಹೊಗೆ, ಹುಲ್ಲು ಸುಟ್ಟು ಯಾವ ಹೆಂಗಸು ಏನು ಬೇಯಿಸ್ತಾಳೆ ಅಂತ ತಲೆಗೆ ಹುಳ ಬಿಟ್ಕೊಂಡಳು. ಆಮೇಲೆ ಸೋಮವಾರ ಬೆಳಿಗ್ಗೆ ಒಂದು ರೊಟ್ಟಿ ಸೆರಗಲ್ಲಿ ಸುತ್ಕೊಂಡು, ಆ ಆರು ಮಹಡಿ ಮೆಟ್ಟಿಲನ್ನ, ಅಯ್ಯೋ ನನ್ನ ಮಂಡಿ, ಅಯ್ಯೋ ನನ್ನ ಮಂಡಿ ಅಂತ ಶಾಪ ಹಾಕ್ತಾ ಹತ್ತಿದಳಂತೆ.

ಮೇಲೆ ಹೋಗಿ ಉಸಿರು ಬಿಟ್ಕೊಂಡು ಕೂತು, ರೊಟ್ಟಿ ಮುರಿದು ಮಗೂ ಕೈಗೆ ಕೊಟ್ಟು, ನೋಡು ತಾಯಿ, ನಾನು ಬೈಯೋಕೂ ಬಂದಿಲ್ಲ ಬುದ್ಧಿ ಹೇಳೋಕೂ ಬಂದಿಲ್ಲ, ಒಂದೇ ಒಂದು ಹೇಳು, ಖಾಲಿ ಒಲೆಗೆ ಯಾಕೆ ಹುಲ್ಲು ಹಾಕ್ತೀಯ ಅಂದಳಂತೆ. ಬ್ರಾಂಕಾ ಎದ್ದು ಬಾಗಿಲು ಮುಚ್ಚಿ ಬಂದಳು. ಆಮೇಲೆ ಹೇಳಿದಳಂತೆ. ಅಕ್ಕಾ, ನಮ್ಮೂರಲ್ಲಿ ಶನಿವಾರ ಬೆಳಿಗ್ಗೆ ರಾಜನ ಕಡೆಯೋರು ಗುಡ್ಡ ಹತ್ತಿ ನಿಂತ್ಕೊಂಡು ಹೊಗೆಗೂಡು ಎಣಿಸ್ತಾರೆ. ಯಾವ ಮನೇಲಿ ಹೊಗೆ ಇಲ್ವೋ ಆ ಮನೆಯೋರು ಗುಟ್ಟಾಗಿ ಯಹೂದಿಗಳು ಅಂತ ಅವರಿಗೆ ಗೊತ್ತಾಗಿಬಿಡುತ್ತೆ. ಅದಕ್ಕೇ ನಾವು ಪ್ರತಿ ಶನಿವಾರ ಒದ್ದೆ ಹುಲ್ಲಿಗೆ ಬೆಂಕಿ ಇಡ್ತಿದ್ವಿ, ಅಡುಗೆ ಮಾಡ್ತಿರಲಿಲ್ಲ, ಬರೀ ಹೊಗೆ. ಒಂದು ಶನಿವಾರ ನನಗೇ ಬೇಜಾರಾಗಿ, ಜೀವನದಲ್ಲಿ ಒಂದು ದಿನವಾದ್ರೂ ಸರಿಯಾಗಿ ನಡ್ಕೊಳ್ಳೋಣ, ಇವತ್ತು ಹಚ್ಚೋದು ಬೇಡ ಅಂದೆ. ನಮ್ಮ ಯಜಮಾನರು ಬೇಡ ಕಣೇ ಅಂದ್ರು. ನಾನೇ ಹಟ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಬಂದು ಅವರನ್ನ ಕರ್ಕೊಂಡು ಹೋದ್ರು ಅಕ್ಕಾ. ಮತ್ತೆ ಬರಲೇ ಇಲ್ಲ.

ನೋಡು, ನಮ್ಮತ್ತೆ ಈ ಕತೆ ಹೇಳುವಾಗ ಇಲ್ಲಿಗೆ ಬಂದ್ರೆ ಸೆರಗಲ್ಲಿ ಕಣ್ಣೊರೆಸ್ಕೊಳ್ಳೋರು, ನನಗೂ ಹಂಗೇ ಆಗುತ್ತೆ. ಇಲ್ಲ, ಅಳ್ತಿಲ್ಲ, ನೀನು ಮಲಗು.

ಆಮೇಲೆ ಪೆರ್ನಕ್ಕ, ಆದ್ರೆ ಇಲ್ಲಿ ಯಾರೂ ಎಣಿಸಲ್ವಲ್ಲ ತಾಯಿ, ಹಚ್ಚಲ್ಲ ಅಂತ ಮಾತು ಕೊಟ್ಟಿದ್ಯಲ್ಲ ಅಂದಳು. ಬ್ರಾಂಕಾ ಹೇಳಿದಳಂತೆ, ಮೊದಲನೇ ವಾರ ಹಚ್ಚಿದ್ದು ನಾನೇ, ಕೈ ತಾನಾಗೇ ಹೋಯ್ತು. ಎರಡನೇ ವಾರ ನಾನು ಹಚ್ಚಲಿಲ್ಲ ಅಕ್ಕಾ, ಕೈ ಕಟ್ಕೊಂಡು ಕೂತಿದ್ದೆ. ಹಚ್ಚಿದ್ದು ಇವಳು. ಬೂದಿ ಕೆದಕಿ ಕೆಂಡ ಹುಡುಕಿ, ಅಳ್ತಾ ಅಳ್ತಾ ಊದ್ತಿದ್ಲು. ರಬ್ಬಿಗಳ ಹತ್ರ ಮಗೂ ಮೇಲೆ ತಪ್ಪು ಹೊರಿಸೋಕೆ ನನಗೆ ಬಾಯಿ ಬರಲಿಲ್ಲ.

ಪೆರ್ನಕ್ಕ ಇನೆಸಳನ್ನ ಹತ್ರ ಕರೆದು ತೊಡೆ ಮೇಲೆ ಕೂರಿಸ್ಕೊಂಡಳಂತೆ. ಮುದ್ದಮ್ಮ, ಯಾಕೆ ಹೊಗೆ ಹಾಕ್ತೀಯ ಅಂತ ಕೇಳಿದಳು. ಮಗು ರೊಟ್ಟಿ ಜಗೀತಾ ಹೇಳಿತಂತೆ, ಹೊಗೆ ಇಲ್ಲದ ಮನೆಗೆ ಅವರು ಬರ್ತಾರೆ ಅಜ್ಜಿ. ಇಲ್ಲಿ ನೋಡು ಕಂದಾ, ಶನಿವಾರ ಯಾರ ಮನೇಲೂ ಹೊಗೆ ಇರಲ್ಲ, ಗೊತ್ತಾ ಅಂದಳು ಪೆರ್ನಕ್ಕ. ಮಗು ಜಗಿಯೋದು ನಿಲ್ಲಿಸಿ, ಕಣ್ಣು ಅಗಲ ಮಾಡ್ಕೊಂಡು, ಹಂಗಾದ್ರೆ ಎಲ್ಲರ ಮನೆಗೂ ಬರ್ತಾರೆ ಅಂತು.

ಬಾಯಿ ಜೋರಿನ ಪೆರ್ನಕ್ಕ, ಇಡೀ ಕೇರೀಲಿ ಯಾರಿಗೂ ಮಾತಲ್ಲಿ ಸೋಲದೋಳು, ಉಳಿದ ರೊಟ್ಟಿ ಚೂರನ್ನ ಆ ಆರು ವರ್ಷದ ಮಗೂ ಕೈಗಿಟ್ಟು ಎದ್ದುಬಿಟ್ಟಳು. ಬರಲ್ಲ ಅಂತ ಆಣೆ ಇಟ್ಟು ಹೇಳೋಕೆ ಅವಳಿಗೂ ಧೈರ್ಯ ಇರಲಿಲ್ಲ ಕಣೇ. ರಾತ್ರಿ ಹೊರಗಿಂದ ಬೀಗ ಹಾಕಿಸ್ಕೊಂಡು ಮಲಗೋ ಕೇರಿ ಅದು.

ಮೆಟ್ಟಿಲು ಇಳೀತಾ ಇಳೀತಾ ಪೆರ್ನಕ್ಕನಿಗೆ ಒಂದು ಯೋಚನೆ ಬಂತಂತೆ. ಆ ಕಾಲದಲ್ಲಿ ತುಂಬಾ ಚಳಿ ಇದ್ದಾಗ, ಎಳೆಮಕ್ಕಳು ಕಾಯಿಲೆಯೋರು ಇರೋ ಮನೆಗೆ, ಕೇರಿಯ ಹೊರಗಿನ ಇದ್ದಿಲು ಮಾರೋ ತೋನಿಯಾ ಶನಿವಾರ ಬಂದು ಒಲೆ ಹಚ್ಚಿ ಹೋಗೋದಿತ್ತು. ತೋನಿಯಾ ಕ್ರಿಶ್ಚಿಯನ್ನಳು, ಅವಳಿಗೆ ಶನಿವಾರದ ನಿಯಮ ಇಲ್ಲ. ಆದ್ರೆ ಹಚ್ಚು ಅಂತ ಬಾಯಿಬಿಟ್ಟು ಹೇಳಂಗಿಲ್ಲ. ಏನು ಚಳಿ ತಾಯಿ ಅಂತ ಅಂದ್ರೆ ಸಾಕು, ಅವಳೇ ಅರ್ಥ ಮಾಡ್ಕೊಂಡು ಹಚ್ಚೋಳು. ನಗ್ತೀಯಾ? ನಿಮ್ಮಪ್ಪ ಕಾಫಿ ಬೇಕು ಅಂತ ಕೇಳದೆ, ತಲೆ ನೋಯ್ತಿದೆ ಅಂತಾನಲ್ಲ, ಹಂಗೆ.

ಆದ್ರೆ ಈ ಕೇರಿಯೋರು ಬಿಗುಮಾನದೋರು, ಮನೇಲಿ ಎಳೆಮಕ್ಕಳು ಕಾಯಿಲೆಯೋರು ಇಲ್ಲದಿದ್ರೆ, ಹಲ್ಲು ಕಟಕಟ ಅಂದ್ರೂ ಶನಿವಾರ ಒಲೆ ಹಚ್ಚಿಸ್ಕೊಳ್ತಿರಲಿಲ್ಲವಂತೆ. ಪೆರ್ನಕ್ಕ ನೆಟ್ಟಗೆ ರಬ್ಬಿಗಳ ಮನೆಗೆ ಹೋದಳು. ಬ್ರಾಂಕಾ ಹೇಳಿದ್ದನ್ನೆಲ್ಲಾ ಒಪ್ಪಿಸಿ, ಗುರುಗಳೇ, ಕಾಯಿಲೆಯೋರಿಗೆ ಬೆಂಕಿ ಆಗುತ್ತೆ ಅಂತೀರಲ್ಲ, ಹೆದರಿಕೆ ಕಾಯಿಲೆ ಹೌದೋ ಅಲ್ವೋ ಅಂತ ಕೇಳಿದಳಂತೆ. ರಬ್ಬಿ ಓದ್ತಿದ್ದ ಪುಸ್ತಕ ಮುಚ್ಚಿದ್ರು. ಹೆದರಿಕೆ ವಿಷಯ ಎಲ್ಲಿ ಬರೆದಿದೆ ಅಂತ ನನಗೆ ತಟ್ಟನೆ ಹೊಳೀತಿಲ್ಲ ಪೆರ್ನಾ, ಆದ್ರೆ ಚಳಿಯ ಮುಂದೆ ಎಲ್ಲರೂ ಕಾಯಿಲೆಯೋರೇ ಅಂತ ದೊಡ್ಡೋರು ಹೇಳಿದ್ದಾರೆ ಅಂದ್ರು. ಕಿಟಕಿಯಾಚೆ ಬೀಳ್ತಿದ್ದ ಹಿಮ ನೋಡ್ತಾ, ಈ ಶನಿವಾರ ನನಗೆ ಚಳಿ ತಡೆಯೋಕಾಗಲ್ಲ ಅನ್ನಿಸುತ್ತೆ ಅಂದ್ರಂತೆ.

ಅಷ್ಟು ಸಾಕಾಯ್ತು ಪೆರ್ನಕ್ಕನಿಗೆ. ಮನೆ ಮನೆ ಹತ್ತಿ ಇಳಿದು, ಮಂಡಿ ನೋವು ಅನ್ನೋದೇ ಮರೆತು, ಈ ಶನಿವಾರ ಎಲ್ಲರೂ ತೋನಿಯಾ ಕೈಲಿ ಒಲೆ ಹಚ್ಚಿಸ್ಕೊಳ್ಳಿ, ಎಲ್ಲೆಲ್ಲೂ ಹೊಗೆ ಕಂಡ್ರೆ ಆ ಮಗು ಹೆದರಿ ತಾನೇ ಬೆಂಕಿ ಹಚ್ಚೋದು ತಪ್ಪುತ್ತೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದಳು. ಒಬ್ಬಳು, ನಮ್ಮತ್ತೆ ಕೇಳಿದ್ರೆ ಸುಮ್ಮನಿರ್ತಾರಾ ಅಂದಳು. ಇನ್ನೊಬ್ಬ, ಒಬ್ಬಳಿಗೋಸ್ಕರ ನಾವೆಲ್ಲಾ ಯಾಕೆ ಹೊಗೆ ಕುಡೀಬೇಕು ಅಂದ. ಪೆರ್ನಕ್ಕ ಸೊಂಟಕ್ಕೆ ಕೈ ಇಟ್ಕೊಂಡು, ಆಯ್ತಪ್ಪ, ಮುಂದಿನ ಶುಕ್ರವಾರ ನಿನ್ನ ಮಡಕೆ ನೀನೇ ಬೇಯಿಸ್ಕೋ ಅಂದಳು. ಆಮೇಲೆ ಯಾರೂ ಚಕಾರ ಎತ್ತಲಿಲ್ಲವಂತೆ. ತೋನಿಯಾ ತನ್ನ ಮೂರು ಜನ ಸೊಸೇರನ್ನೂ ಕರ್ಕೊಂಡು ಬರೋಕೆ ಒಪ್ಪಿದಳು. ಒಪ್ಪದೇ ಇದ್ದೋರು ಒಬ್ಬರೇ, ವಿಟಾಲೆ. ನನ್ನ ಅಪ್ಪನ ಕಾಲದಿಂದ ನನ್ನ ಮನೇಲಿ ಶನಿವಾರ ಹೊಗೆ ಎದ್ದಿಲ್ಲ, ಎದ್ದೇಳೋದೂ ಇಲ್ಲ ಅಂದುಬಿಟ್ರು. ನಿಮ್ಮ ಹೊಗೆಗೂಡೇನು ಕಿರೀಟವಾ ಅಂತ ಪೆರ್ನಕ್ಕ ರೇಗಿದಳು. ಅವರು ಬಾಗಿಲು ಹಾಕ್ಕೊಂಡ್ರು. ಹೋಗ್ಲಿ ಬಿಡು, ಒಂದು ಮನೆ ಇಲ್ಲದಿದ್ರೆ ಏನಾಗುತ್ತೆ ಅಂತ ಪೆರ್ನಕ್ಕ ಅಂದ್ಕೊಂಡಳಂತೆ.

ಮೂರನೇ ಶನಿವಾರ ಬೆಳಗಾಯ್ತು. ನಿದ್ದೆ ಬಂತಾ? ಇಲ್ಲ ಅಲ್ವಾ, ನನಗೆ ಗೊತ್ತು, ಉಸಿರು ಕೇಳಿದ್ರೇ ಗೊತ್ತಾಗುತ್ತೆ. ಕಾವಲುಗಾರ ಬಾಗಿಲು ತೆಗೆದ, ತೋನಿಯಾ ಮುಂದೆ ಸೊಸೇರು ಹಿಂದೆ ಒಳಗೆ ಬಂದ್ರು. ಒಂದೊಂದು ಮನೇಲೂ, ಏನು ಚಳಿ ತಾಯಿ, ಏನು ಚಳಿ ತಾಯಿ, ಅದೇ ಮಾತು. ಪೆರ್ನಕ್ಕ ಅಷ್ಟು ಹೊತ್ತಿಗೇ ಆರನೇ ಮಹಡಿಗೆ ಹೋಗಿ ಬ್ರಾಂಕಾ ಪಕ್ಕದಲ್ಲಿ ಕೂತಿದ್ದಳು. ಇನೆಸ್ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಬೂದಿ ಕೆದಕ್ತಾ, ಕಬ್ಬಿಣದ ಸೌಟಿಗೆ ಎರಡು ಕೆಂಡ ತುಂಬ್ಕೊಂಡಿದ್ಲು. ಬಾ ಕಂದಾ, ಮೊದಲು ಕಿಟಕಿ ಹತ್ರ ಬಾ, ಹೊರಗೆ ಏನಿದೆ ನೋಡು ಅಂದಳು ಪೆರ್ನಕ್ಕ.

ಮಗು ಸೌಟು ಹಿಡ್ಕೊಂಡೇ ಬಂದು ನೋಡಿತು. ಅಲ್ಲೊಂದು ಹೊಗೆಗೂಡಿನಲ್ಲಿ ಹೊಗೆ. ಅದರ ಪಕ್ಕದ್ದರಲ್ಲಿ ಹೊಗೆ. ಆಚೆ ಸಾಲಲ್ಲಿ ಹೊಗೆ. ಬಿಳೀ ಹಿಮದ ಮೇಲೆ ನೀಲಿ ನೀಲಿ ಹೊಗೆ. ಇನೆಸ್ ಬೆರಳು ಮಡಿಸಿ ಎಣಿಸೋಕೆ ಶುರು ಮಾಡಿದಳಂತೆ. ಅವರಪ್ಪ ಕಲಿಸಿದ್ದು, ಹೊಗೆಗೂಡು ಎಣಿಸೋದು. ಎಣಿಸ್ತಾ ಎಣಿಸ್ತಾ ಮುಖ ಅರಳ್ತಾ ಬಂತು, ಬ್ರಾಂಕಾಗೂ ಪೆರ್ನಕ್ಕನಿಗೂ ಜೀವ ಬಂದಂಗಾಯ್ತು.

ಇದ್ದಕ್ಕಿದ್ದಂಗೆ ಮಗೂ ಬೆರಳು ನಿಂತುಹೋಯ್ತು. ಅಮ್ಮಾ, ಆ ಮನೆ! ಆ ಮನೇಲಿ ಇಲ್ಲ! ಅಂತ ಕಿರುಚಿದಳಂತೆ. ನೋಡ್ತಾರೆ, ವಿಟಾಲೆ ಮನೆ. ಎಲ್ಲಾ ಮನೆಗಳ ಮಧ್ಯೆ ಅದೊಂದೇ ಬರಿದು. ಪೆರ್ನಕ್ಕ, ಅದು ಬಿಡು ಮಗಾ ಅನ್ನೋ ಅಷ್ಟರಲ್ಲಿ, ಕೆಂಡದ ಸೌಟು ಹಿಡ್ಕೊಂಡು ಮಗು ಬಾಗಿಲು ದಾಟಿ ಮೆಟ್ಟಿಲಲ್ಲಿ ದಡದಡ ಓಡಿತು! ಹಿಂದೇನೇ ಬರಿಗಾಲಲ್ಲಿ ಬ್ರಾಂಕಾ, ಅವಳ ಹಿಂದೆ ಅಯ್ಯೋ ಅಯ್ಯೋ ಅಂತ ಪೆರ್ನಕ್ಕ.

ಕೇರಿಯೋರೆಲ್ಲಾ ಪ್ರಾರ್ಥನೆಗೆ ಅಂತ ಬೀದೀಲಿದ್ರು. ಎಲ್ಲರೂ ನೋಡ್ತಿದ್ದಂಗೆ, ಶನಿವಾರದ ದಿನ, ಆ ಮಗು ಬೆಂಕಿ ಹಿಡ್ಕೊಂಡು ನಡುಬೀದೀಲಿ ಓಡ್ತಿದೆ. ಪೆರ್ನಕ್ಕ ಓಡ್ತಾ ಓಡ್ತಾನೇ ಅಂದ್ಕೊಂಡಳಂತೆ, ಮುಗೀತು, ಎಲ್ಲಾ ಹಾಳಾಯ್ತು, ಇನ್ನು ಇವರನ್ನ ಉಳಿಸೋಕೆ ಯಾರಿಂದಲೂ ಆಗಲ್ಲ ಅಂತ. ಮಗು ಹೋಗಿ ಹೋಗಿ ವಿಟಾಲೆ ಮನೆ ಬಾಗಿಲನ್ನೇ ಒದೀತು, ಕೈಯಲ್ಲಿ ಸೌಟು ಇತ್ತಲ್ಲ. ವಿಟಾಲೆ ಶಾಲು ಹೊದ್ಕೊಂಡು ಹೊರಡ್ತಾ ಇದ್ದೋರು ಬಾಗಿಲು ತೆಗೆದು, ಕೆಂಡ ನೋಡಿ ಮುಖ ಕೆಂಪು ಮಾಡ್ಕೊಂಡ್ರು.

ತಾತ, ತಾತ, ಬೇಗ ಹೊಗೆ ಹಾಕು! ಅಂತ ಮಗು ಏದುಸಿರು ಬಿಡ್ತಾ ಅಂತು. ನಿಮ್ಮನೇಲಿ ಹೊಗೆ ಇಲ್ಲ, ಅವರು ನೋಡಿಬಿಡ್ತಾರೆ, ನಮ್ಮಪ್ಪನ್ನ ಕರ್ಕೊಂಡು ಹೋದಂಗೆ ನಿನ್ನನ್ನೂ ಕರ್ಕೊಂಡು ಹೋಗ್ತಾರೆ, ತಗೋ ತಾತ, ಕೆಂಡ ತಂದಿದ್ದೀನಿ, ತಗೋ.

ವಿಟಾಲೆ ಆ ಸೌಟು ಹಿಡಿದ ಪುಟ್ಟ ಕೈ ನೋಡಿದ್ರು, ಹಿಮದಲ್ಲಿ ಕೆಂಪಾಗಿದ್ದ ಬರಿಗಾಲು ನೋಡಿದ್ರು. ಇವರು ಯಾರನ್ನ ನಾಳೆ ಹಿಮಕ್ಕೆ ತಳ್ಳಬೇಕು ಅಂತಿದ್ರೋ, ಅದು ಇವರ ಜೀವ ಉಳಿಸೋಕೆ ಅಂತ ಚಪ್ಪಲಿ ಕೂಡ ಇಲ್ಲದೆ ಓಡಿಬಂದಿದೆ. ಅವರು ಹೊಸಲ ಮೇಲೇ ಕೂತುಬಿಟ್ರಂತೆ. ಗಡ್ಡ ಎಲ್ಲಾ ಕಣ್ಣೀರು. ಆಮೇಲೆ ಅಲ್ಲೇ ನಿಂತಿದ್ದ ಇದ್ದಿಲಿನ ತೋನಿಯಾಳನ್ನ ನೋಡಿ, ಅರವತ್ತು ವರ್ಷದಲ್ಲಿ ಒಂದೇ ಒಂದು ಸಲಾನೂ ಆಡದೆ ಇದ್ದ ಮಾತನ್ನ ಆಡಿದ್ರಂತೆ. ಏನು ಚಳಿ ತಾಯಿ.

ತೋನಿಯಾ ನೆಟ್ಟಗೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಆ ಹೊಗೆಗೂಡಿನಿಂದಲೂ ಸಣ್ಣಗೆ ಹೊಗೆ ಎದ್ದಿತು. ವಿಟಾಲೆ ಇನೆಸಳ ಪಾದ ತಮ್ಮ ಶಾಲಲ್ಲಿ ಸುತ್ತಿ, ನೋಡಮ್ಮ, ನಿನ್ನ ಕೆಂಡ ಬೇಕಾಗಲಿಲ್ಲ, ಈಗ ಸರಿ ಹೋಯ್ತಾ ಅಂದ್ರು. ಮಗು ತಲೆ ಎತ್ತಿ ಆ ಕಡೆ ಈ ಕಡೆ ನೋಡಿತು. ಎಲ್ಲಾ ಮನೇಲೂ ಹೊಗೆ. ಇನ್ನೂ ಎತ್ತರಕ್ಕೆ ನೋಡಿತು, ಆರನೇ ಮಹಡಿ ಕಡೆಗೆ. ಅಲ್ಲಿ ಹೊಗೆ ಇರಲಿಲ್ಲ! ಈ ತಾತನ ಚಿಂತೇಲಿ ತನ್ನ ಮನೆ ಒಲೆ ಹಚ್ಚೋದನ್ನೇ ಮರೆತುಬಿಟ್ಟಿದ್ದಳಲ್ಲ. ಪೆರ್ನಕ್ಕ ಬ್ರಾಂಕಾ ಕೈ ಹಿಡ್ಕೊಂಡಳು.

ಇನೆಸ್ ಕೇರಿಯ ದೊಡ್ಡ ಬಾಗಿಲ ಕಡೆ ತಿರುಗಿ ನೋಡಿದಳಂತೆ. ಕಾಯ್ತಾ ನಿಂತಳು. ಇಡೀ ಕೇರಿ ಅವಳ ಜೊತೆ ಕಾಯ್ತಾ ನಿಂತಿತು, ಪ್ರಾರ್ಥನೆಗೆ ಹೊತ್ತಾಯ್ತು ಅಂತ ಒಬ್ಬರೂ ಹೇಳಲಿಲ್ಲ, ರಬ್ಬಿಗಳೂ ಹೇಳಲಿಲ್ಲ. ಬಾಗಿಲಲ್ಲಿ ಕಾವಲುಗಾರ ಆಕಳಿಸ್ತಾ ನಿಂತಿದ್ದ, ಒಂದು ನಾಯಿ ಬಂತು, ಹೋಯ್ತು. ಬೇರೆ ಯಾರೂ ಬರಲಿಲ್ಲ. ಮಗು ಸೌಟನ್ನ ಮೆಲ್ಲಗೆ ನೆಲದ ಮೇಲೆ ಇಟ್ಟಿತು, ಕೆಂಡ ಹಿಮದಲ್ಲಿ ಚುಸ್ ಅಂತ ಆರಿತು. ಅಮ್ಮಾ, ನಮ್ಮನೇಲಿ ಹೊಗೆ ಇಲ್ಲ, ಆದ್ರೂ ಯಾರೂ ಬರಲಿಲ್ಲ ಅಂತು. ಬ್ರಾಂಕಾ ಅವಳನ್ನ ಎತ್ಕೊಂಡು, ಇಷ್ಟು ದಿನ ಎದೇಲಿ ಹಿಡಿದಿಟ್ಟಿದ್ದ ಅಳುವನ್ನೆಲ್ಲಾ ಅತ್ತಳಂತೆ. ಆ ಶನಿವಾರ ಇಡೀ ಕೇರೀಲಿ ನಿಯಮದ ಪ್ರಕಾರ ತಣ್ಣಗಿದ್ದ ಒಲೆ ಅಂದ್ರೆ ಅವಳದ್ದೊಂದೇ.

ಆಮೇಲೆ ಪಂಚಾಯ್ತಿ ಸೇರಲೇ ಇಲ್ಲ. ವಿಟಾಲೆನೇ ಎಲ್ಲರ ಮುಂದೆ, ಇವರು ನಮ್ಮೋರು, ಇನ್ನು ಯಾರೂ ಮಾತಾಡಬೇಡಿ ಅಂದುಬಿಟ್ರಂತೆ. ಮುಂದಿನ ಶುಕ್ರವಾರ ಬ್ರಾಂಕಾ ಕಾಳು ಈರುಳ್ಳಿ ತುಂಬಿದ ಒಂದು ಸಣ್ಣ ಮಡಕೆ ತಂದು ಪೆರ್ನಕ್ಕನ ಮುಂದೆ ಇಟ್ಟಳು. ಮುಚ್ಚಳದ ಹಿಟ್ಟಿನ ಮೇಲೆ ಗುರುತಿಗೆ ಅಂತ ಇನೆಸ್ ಹೆಬ್ಬೆಟ್ಟು ಒತ್ತಿದಳು. ಆ ಮಡಕೆಗೆ ಪೆರ್ನಕ್ಕ ಒಲೆಯೊಳಗೆ ಎಲ್ಲಕ್ಕಿಂತ ಬೆಚ್ಚಗಿರೋ ಜಾಗ ಕೊಟ್ಟಳಂತೆ, ವಿಟಾಲೆ ಮಡಕೇನ ಸ್ವಲ್ಪ ಆ ಕಡೆ ಸರಿಸಿ.

ಇನ್ನು ಹೊಗೆ ಏನಾಯ್ತು ಅಂತೀಯಾ? ಒಂದೇ ಸಲ ಎಲ್ಲರೂ ನಿಲ್ಲಿಸಿದ್ರೆ ಮಗು ಹೆದರಬಾರದಲ್ಲ, ಅದಕ್ಕೆ ಪೆರ್ನಕ್ಕ ಒಂದು ಉಪಾಯ ಮಾಡಿದಳು. ವಾರಕ್ಕೆ ಮೂರೇ ಮೂರು ಮನೇಲಿ ಹೊಗೆ ನಿಲ್ಲಿಸೋದು. ಮುಂದಿನ ವಾರ ಇನ್ನು ಮೂರು. ಅದರ ಮುಂದಿನ ವಾರ ಇನ್ನು ಮೂರು. ಮಗು ಪ್ರತಿ ಶನಿವಾರ ಕಿಟಕೀಲಿ ನಿಂತು ಎಣಿಸೋಳು, ಎಣಿಕೆ ಕಮ್ಮಿಯಾಗ್ತಾ ಬಂತು, ಅವಳ ಭಯಾನೂ ಕಮ್ಮಿಯಾಗ್ತಾ ಬಂತು. ಚಳಿ ಹೋಗಿ ಮರಗಳೆಲ್ಲಾ ಚಿಗುರೋ ಹೊತ್ತಿಗೆ ಹೊಗೆ ಬರ್ತಿದ್ದದ್ದು ಒಂದೇ ಮನೇಲಿ. ಯಾರ ಮನೆ ಹೇಳು? ಹೂಂ, ವಿಟಾಲೆ ಮನೆ. ಶೆಕೆ ಆಗ್ತಿದ್ರೂ ಆ ಮುದುಕರು ಬೆವರು ಒರೆಸ್ಕೊಳ್ತಾ, ಏನು ಚಳಿ ತಾಯಿ ಅಂತ ತೋನಿಯಾಗೆ ಹೇಳೋರಂತೆ.

ಆಮೇಲೆ ಒಂದು ಶನಿವಾರ ಇನೆಸ್ ಎಣಿಸೋದನ್ನೇ ಮರೆತು, ಕೇರಿಯ ಮಕ್ಕಳ ಜೊತೆ ಬೀದೀಲಿ ಆಟಕ್ಕೆ ನಿಂತುಬಿಟ್ಟಳು. ಅವಳು ಆಡೋದನ್ನ ಬಾಗಿಲಲ್ಲಿ ನಿಂತು ನೋಡಿದ ವಿಟಾಲೆ, ತೋನಿಯಾ ಬಂದಾಗ, ಇವತ್ತು ಅಷ್ಟೇನೂ ಚಳಿ ಇಲ್ಲ ಕಣಮ್ಮ ಅಂದ್ರಂತೆ.

ಕೂಸೇ? ಮಲಗಿಬಿಟ್ಟಿದೆ. ಮಲಗು ಮಲಗು, ಇಲ್ಲಿಗೂ ಯಾರೂ ಬರಲ್ಲ. ಅವರ ಒಲೆಯ ಕೆಂಡ ಆರಿತು, ನನ್ನ ಬಾಯಿಯ ಕತೆ ಮುಗೀತು.